ತಡೆಯುವ ಹಕ್ಕು ಯಾವ ಬಣ್ಣದ್ದು?

ಹುಮನಾಬಾದಿನ ಹೆದ್ದಾರಿ ಬದಿಯ ಚಹಾದಂಗಡಿಗಳಲ್ಲಿ ಇಸ್ಪೀಟಾಡುವವರನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಎಲೆಗಳ ಗುಂಪಿಗೆ ಉರ್ದುವಿನಲ್ಲಿ ‘ರಂಗ್’, ಅಂದರೆ ಬಣ್ಣ, ಎನ್ನುತ್ತಾರೆ. ಯಾವ ರಂಗ್ ತುರುಪಾಯಿತೋ ಅದರ ಎರಡು ಕೂಡ ಬೇರೆ ರಂಗಿನ ರಾಜನನ್ನು ಹೊಡೆಯುತ್ತದೆ. ಮುಂದಿನ ಆಟದಲ್ಲಿ ತುರುಪು ಬದಲಾದರೆ ಅದು ಮತ್ತೆ ಬರೀ ಎರಡೇ.

ಈಚೆಗೆ ಬಸವಕಲ್ಯಾಣದಲ್ಲಿ ನಮ್ಮ ತಂಗಿಯ ಮಗ ಹೊಸದೊಂದು ಎಲೆಯಾಟ ತೋರಿಸಿದ. ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಬಂತು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣ. ಎದುರಾಳಿ ಹಾಕಿದ ಮಂತ್ರವನ್ನು ಫಲಿಸುವ ಮೊದಲೇ ರದ್ದು ಮಾಡುವ ಶಕ್ತಿ ಮುಖ್ಯವಾಗಿ ನೀಲಿಯದು. ಮೊದಲ ಕಂತಿನಲ್ಲೇ ಕೆಂಪಿಗೂ ಅಂಥ ಎಲೆಯಿತ್ತು, ಆದರೆ ನೀಲಿಯ ವಿರುದ್ಧ ಮಾತ್ರ. ಕಪ್ಪು ಹಸಿರನ್ನು ತಡೆಯಬಹುದಿತ್ತು, ಹಸಿರು ಕಪ್ಪನ್ನು. 2007ರಲ್ಲಿ ಬಿಳಿಗೆ ಸಿಕ್ಕ ಒಂದು ಎಲೆಯಂತೂ ಎದುರಾಳಿ ಸಣ್ಣ ಸುಂಕ ಕಟ್ಟಿದರೆ ಸುಮ್ಮನಾಗುತ್ತದೆ. ಯಾವ ಬಣ್ಣವೇ ಬರಲಿ, ‘ಬೇಡ’ ಎನ್ನುವ ಸಲೀಸು ನೀಲಿಗಷ್ಟೇ.

“ಮಾಮೂ, ನೀಲಿಗೆ ಬೇರೆ ಕೊರತೆಗಳಿವೆ. ಒಮ್ಮೆ ನೆಲಕ್ಕಿಳಿದದ್ದನ್ನು ನಾಶಮಾಡುವುದು ಅದಕ್ಕೆ ಕಷ್ಟ” ಎಂದ ಹುಡುಗ. ಒಪ್ಪೋಣ. ಯಾವ ಬಣ್ಣವೂ ಪರಿಪೂರ್ಣವಲ್ಲ ಎಂಬುದು ಈ ಆಟದ ಒಳ್ಳೆಯ ಗುಣ. ನಮ್ಮ ತಕರಾರು ಬೇರೆ. ಇಸ್ಪೀಟಿನಲ್ಲಿ ಸರದಿಯಿಂದ ಸಿಗುವ ಅಧಿಕಾರ ಇಲ್ಲಿ ನೀಲಿಗೆ ಹುಟ್ಟಿನಿಂದಲೇ ಬಂದಿದೆ.

ನಮ್ಮಲ್ಲಿದ್ದ ಗಂಜೀಫಾ ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿತ್ತು. 1527ರಲ್ಲಿ ಬಾಬರ್ ಸಿಂಧ್‌ನ ಶಾಹ್ ಹಸನ್‌ಗೆ ಗಂಜೀಫಾ ಎಲೆ ಕಳಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಘಲ್ ಗಂಜೀಫಾದಲ್ಲಿ ಎಂಟು ರಂಗ್, ರಂಗಿಗೆ ಹನ್ನೆರಡರಂತೆ 96 ಎಲೆ. ತುರುಪೇ ಇಲ್ಲ, ಒಂದು ರಂಗ್ ಇನ್ನೊಂದನ್ನು ಹೊಡೆಯುವಂತಿಲ್ಲ. ನಾಲ್ಕು ರಂಗುಗಳಲ್ಲಿ ಹತ್ತು ದೊಡ್ಡದು, ಉಳಿದ ನಾಲ್ಕರಲ್ಲಿ ಒಂದೇ ದೊಡ್ಡದು. ಹಗಲಿನಲ್ಲಿ ಚಿನ್ನದ ನಾಣ್ಯದ ‘ಸುರ್ಖ್’ ಆಟ ತೆರೆದರೆ ರಾತ್ರಿ ಬೆಳ್ಳಿಯ ‘ಸಫೇದ್’. 120 ಎಲೆಗಳ ದಶಾವತಾರ ಗಂಜೀಫಾದಲ್ಲೂ ಇದೇ ಮರ್ಯಾದೆ: ಹಗಲು ರಾಮ, ರಾತ್ರಿ ಕೃಷ್ಣ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕಲೆಯನ್ನು ಇನ್ನಷ್ಟು ಬೆಳೆಸಿದರು.

ಹಣ ಕಟ್ಟಿ ಆಡುವುದರ ಪರವಾಗಿ ನಾವು ವಾದಿಸುತ್ತಿಲ್ಲ. ಜೂಜನ್ನು ಕುರ್‌ಆನ್ ಸ್ಪಷ್ಟವಾಗಿ ನಿಷೇಧಿಸಿದೆ (ಅಲ್ ಮಾಇದಾ, 90). ಒಳಗೇನಿದೆ ಎಂದು ತಿಳಿಯದ ಪೊಟ್ಟಣವನ್ನು ದುಬಾರಿ ಎಲೆಯ ಆಸೆಗೆ ಮತ್ತೆ ಮತ್ತೆ ಕೊಳ್ಳುವುದೂ ಅದರ ನೆರೆಮನೆಯೇ ಎಂದು ಹುಡುಗನಿಗೆ ಹೇಳಿದೆವು.

12ನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಹುಟ್ಟಿನಿಂದ ಬಂದ ಅಧಿಕಾರವನ್ನು ಪ್ರಶ್ನಿಸಿದರು. ಇಂದು ಹಬ್ಬ ಬಂದರೆ ಬೀದಿಯಲ್ಲಿ ಯಾವ ಬಣ್ಣದ ಬಾವುಟ ಎಲ್ಲಿಯವರೆಗೆ ಹೋಗಬಹುದು ಎಂಬುದೇ ಜಗಳ. ತಮ್ಮ ಬಣ್ಣಕ್ಕೆ ತಡೆಯುವ ಹಕ್ಕು ಸದಾ ಇರಲಿ ಎಂದು ಬಯಸುವವರು ಎಲ್ಲ ಕಡೆಯೂ ಇದ್ದಾರೆ, ನಮ್ಮವರಲ್ಲೂ.

“ಹಾಗಾದರೆ ನೀಲಿ ಬಿಟ್ಟುಬಿಡಲೇ, ಮಾಮೂ?” ಎಂದು ಹುಡುಗ ಕೇಳಿದ. ಬಿಡಬೇಡ ಎಂದೆವು. ಆಟಕ್ಕೊಮ್ಮೆ ಬಣ್ಣ ಬದಲಿಸಿಕೋ. ತಡೆಯುವವನ ಜಾಗದಲ್ಲೂ ಕೂರು, ತಡೆಸಿಕೊಳ್ಳುವವನ ಜಾಗದಲ್ಲೂ ಕೂರು.