ಪರದೇಶದ ಒಲೆ, ಪರಿಚಿತ ಜೋಳ

ಸೇವಾರ್ಥವಾಗಿ ಪರದೇಶಕ್ಕೆ ಹೊರಡುವ ವೈದ್ಯನಾಗಲಿ, ದಾದಿಯಾಗಲಿ, ಶಾಲಾಮಾಸ್ತರನಾಗಲಿ, ಪೆಟ್ಟಿಗೆಯೊಳಗೆ ಮೊದಲು ಗುರೆಳ್ಳು ಹಿಂಡಿಯನ್ನೂ ಶೇಂಗಾ ಹಿಂಡಿಯನ್ನೂ ಇಟ್ಟು, ಉಳಿದ ಎಡೆಯಲ್ಲಿ ಬಟ್ಟೆಬರೆಗಳನ್ನು ತುರುಕುವುದು ನಮ್ಮ ಸೀಮೆಯಲ್ಲಿ ಅಪರೂಪವೇನೂ ಅಲ್ಲ. ಅದನ್ನು ಆಕ್ಷೇಪಿಸತಕ್ಕವನೂ ನಾನಲ್ಲ. ಆದರೆ ಹಿಂಡಿ ಎಂದಾದರೂ ಮುಗಿಯತಕ್ಕದ್ದೇ. ಅಲ್ಲಿಂದ ಮುಂದೆ ಆ ನಾಡಿನ ಒಲೆಯ ಮುಂದೆ ಕುಳಿತು ಕಲಿಯದೆ ಗತ್ಯಂತರವಿಲ್ಲ. ಪಾಕಪ್ರಿಯನಿಗೆ ನಿಜವಾದ ಅಕ್ಷರಾಭ್ಯಾಸವಾಗುವುದೂ ಆಗಲೇ.

ದಕ್ಷಿಣ ಸೂಡಾನನ್ನು ನೋಡಿ. 2011ರ ಜುಲೈ 9ರಂದು ಆ ದೇಶ ಸ್ವತಂತ್ರವಾದಂದಿನಿಂದ ಅಲ್ಲಿ ನಡೆದಿರುವ ವಿಶ್ವಸಂಸ್ಥೆಯ ಶಾಂತಿಕಾರ್ಯದಲ್ಲಿ ಭಾರತದ ಸೈನಿಕರೂ ವೈದ್ಯರೂ ಭಾಗಿಗಳಾಗಿರುವರು. ಅಲ್ಲಿಯ ಮುಖ್ಯ ಧಾನ್ಯ ಜೋಳ. ಆ ದೇಶದ ಉತ್ತರಕ್ಕಿರುವ ಸೂಡಾನಿನ ಪೂರ್ವಭಾಗದಲ್ಲಿ, ಕಸ್ಸಾಲದ ಪ್ರಾಂತದಲ್ಲಿ, ಇಂದಿಗೆ 5000 ವರ್ಷಗಳಿಗೂ ಹಿಂದೆಯೇ ಜೋಳವು ಮನುಷ್ಯನ ಕೈಗೆ ಪಳಗಿತ್ತೆಂಬುದಕ್ಕೆ ಮಡಕೆಯ ಚೂರುಗಳಲ್ಲಿ ಒತ್ತಿನಿಂತ ಕಾಳಿನ ಗುರುತುಗಳೇ ಸಾಕ್ಷಿಯಾಗಿವೆ. ಎಂದಮೇಲೆ ಲಿಂಗಸುಗೂರಿನ ತರುಣನೊಬ್ಬನು ಅಲ್ಲಿಗೆ ಹೋದರೆ, ತಾನು ಹುಟ್ಟಿದಂದಿನಿಂದ ಉಂಡ ಅನ್ನದ ತವರಿಗೇ ಹೋದಂತಾಯಿತು. ಆದರೂ ತಟ್ಟೆಯ ಮೇಲೆ ಅದು ಬಂದಾಗ ಅವನು ಗುರುತು ಹಿಡಿಯಲಾರ.

ಕಾರಣವಿಷ್ಟೆ: ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಈ ಕೊರತೆಯನ್ನು ನಮ್ಮ ತಾಯಂದಿರು ಕುದಿಯುವ ಎಸರಿನಿಂದ ಗೆದ್ದರು. ಕುದಿನೀರು ಬಿದ್ದೊಡನೆ ಹಿಟ್ಟಿನ ಪಿಷ್ಟವು ಅರ್ಧ ಬೆಂದು ಜಿಗುಟಾಗಿ, ನಾದಿದಷ್ಟೂ ಮಣಿದು, ಅಂಗೈಯ ಪೆಟ್ಟಿಗೆ ಹರಿಯದೆ ಹರಡಿಕೊಳ್ಳುವುದು. ಸೂಡಾನಿನ ಗೃಹಿಣಿ ಅದೇ ಕೊರತೆಯನ್ನು ಹುಳಿಯಿಂದ ಗೆದ್ದಳು. ಹಿಂದಿನ ಹಿಟ್ಟಿನ ಶೇಷವನ್ನು ಹೆಪ್ಪಾಗಿ ಬೆರೆಸಿ, ರಾತ್ರಿಯೆಲ್ಲ ಹುಳಿಯಿಸಿ, ನೀರಾದ ಆ ಹಿಟ್ಟನ್ನು ಕಾದ ಹೆಂಚಿನ ಮೇಲೆ ಸುರಿದು, ತಾಳೆಗರಿಯ ತುಂಡಿನಿಂದ ಸರ್ರನೆ ಎಳೆದರೆ ಕಾಗದದಷ್ಟು ತೆಳುವಾದ ಕಿಸ್ರಾ ಎಂಬ ರೊಟ್ಟಿ ಸಿದ್ಧವಾಗುವುದು. ನಮ್ಮವನು ಮೊದಲು ಅದನ್ನು ದೋಸೆಯೆಂದು ಭ್ರಮಿಸಿ ದಪ್ಪನಾಗಿ ಹುಯ್ದು ಕೆಡಿಸುವನು. ದೋಸೆಗೆ ಉದ್ದಿನ ಆಧಾರವುಂಟು. ಇದಕ್ಕೆ ಕೈಚಳಕವಲ್ಲದೆ ಬೇರೆ ಆಧಾರವಿಲ್ಲ. ಇದರೊಡನೆ ಬೆಂಡೆಯನ್ನು ಒಣಗಿಸಿ ಪುಡಿಮಾಡಿ ಕದಡಿದ ಲೋಳೆಸಾರನ್ನು ಬಡಿಸುವರು. ಬೆಂಡೆಯ ಲೋಳೆಯನ್ನು ಹೋಗಲಾಡಿಸುವುದೇ ಪಾಕಚಾತುರ್ಯವೆಂದು ನಂಬಿ ಬೆಳೆದ ನಮಗೆ, ಆ ಲೋಳೆಯನ್ನೇ ಬೇಕೆಂದು ಪಡೆಯುವ ಸಾರು ಒಂದು ಶಿಕ್ಷಣವೇ ಸರಿ.

ಇಷ್ಟು ದೂರ ಹೋಗಲಾರದವರಿಗೆ ಸಿಂಧನೂರಿನಲ್ಲಿಯೇ ಪರದೇಶವುಂಟು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಸರ್ಕಾರವು ಇಲ್ಲಿಯ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಗೊಳಿಸಿ ಸುಮಾರು ಅರ್ಧ ಶತಮಾನವಾಗಿದೆ. ಅಲ್ಲಿ ಶರತ್ಕಾಲದಲ್ಲಿ ದುರ್ಗಾಪೂಜೆ ನಡೆಯುವುದನ್ನು ತಾಲೂಕೆಲ್ಲ ಬಲ್ಲದು. ಹೊಳೆ, ಮೀನು, ಅಕ್ಕಿ ಇವುಗಳ ನಡುವೆ ಬೆಳೆದ ಜನ ಎರೆಭೂಮಿಗೆ ಬಂದರು. ತುಂಗಭದ್ರೆಯ ಎಡದಂಡೆ ಕಾಲುವೆ ಈ ಸೀಮೆಯನ್ನು ಭತ್ತದ ನಾಡಾಗಿ ಮಾಡಿದುದರಿಂದ ಅವರಿಗೆ ಅಕ್ಕಿಗೇನೋ ಬರವಾಗಲಿಲ್ಲ. ಸಾಸಿವೆಯನ್ನು ಒಗ್ಗರಣೆಯಲ್ಲಿ ಚಟಪಟಿಸುವುದಷ್ಟನ್ನೇ ಬಲ್ಲ ನಾವು, ಅದನ್ನು ಹಸಿಯಾಗಿ ಅರೆದು ಮೀನಿಗೆ ಬಳಿಯುವ ಅವರ ಕ್ರಮವನ್ನು ಕಲಿಯಬೇಕು. ನೆನೆದ ಸಾಸಿವೆಯನ್ನು ಉಪ್ಪು, ಹಸಿಮೆಣಸಿನಕಾಯಿಗಳೊಡನೆ ಅರೆಯಬೇಕು. ಹೆಚ್ಚು ಅರೆದರೆ ಕಹಿಯಾಗುವುದು. ಸಾಸಿವೆ ಎಣ್ಣೆಯನ್ನು ಹೊಗೆಯೇಳುವವರೆಗೆ ಕಾಯಿಸಿ, ಅರಿಸಿನ ಉಪ್ಪು ಸವರಿದ ರೋಹು ಮೀನಿನ ತುಂಡುಗಳನ್ನು ಮೊದಲು ಹುರಿದು, ಆಮೇಲೆ ಆ ಅರಪಿನಲ್ಲಿ ಅಲ್ಪಕಾಲ ಬೇಯಿಸಬೇಕು. ಬಂಗಾಳಿಗಳು ನನ್ನನ್ನು ಕ್ಷಮಿಸಲಿ, ಇದಕ್ಕೆ ಅನ್ನಕ್ಕಿಂತ ಬಿಸಿಯಾದ ಜೋಳದ ರೊಟ್ಟಿಯೇ ಒಪ್ಪುವುದೆಂದು ನನ್ನ ತೀರ್ಮಾನ. ಸಾಸಿವೆಯ ಘಾಟನ್ನು ತಾಳಿಕೊಳ್ಳುವ ಒರಟುತನ ಅನ್ನಕ್ಕಿಲ್ಲ.

ಸೇವೆಗಾಗಿ ಪರನಾಡಿಗೆ ಹೋಗುವುದು ಹೊಸದೇನೂ ಅಲ್ಲ. ನಮ್ಮ ಸೀಮೆಯ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಕಂಡುಬಂದ ಶಾಸನದಲ್ಲಿ ಅಶೋಕನ ಹೆಸರೇ ಇದೆಯೆಂಬುದನ್ನು ಎಲ್ಲರೂ ಬಲ್ಲರು. ಅವನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷು ವನವಾಸವೆಂಬ ನಾಡಿಗೆ ಧರ್ಮಪ್ರಚಾರಕ್ಕಾಗಿ ಬಂದನೆಂದು ಮಹಾವಂಶವೆಂಬ ಗ್ರಂಥ ಹೇಳುವುದು. ಪಾತ್ರೆಗೆ ಬಿದ್ದುದನ್ನು ಉಣ್ಣುವ ಭಿಕ್ಷುವಿಗೆ ಪಾಕದ ಚಿಂತೆಯಿಲ್ಲ. ನಮ್ಮಂಥ ಗೃಹಸ್ಥರಿಗೆ ಆ ಸೌಕರ್ಯವಿಲ್ಲ.

ಆದುದರಿಂದ ಸೇವೆಗೆ ಹೊರಡುವ ತರುಣರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮ ಗಂಡಸರು ರೊಟ್ಟಿಯ ಗುಣದೋಷಗಳನ್ನು ಗಂಟೆಗಟ್ಟಲೆ ವಿಮರ್ಶಿಸಬಲ್ಲರು, ಬಡಿಯಲು ಮಾತ್ರ ಅರಿಯರು. ಪರರ ಮನೆಯಲ್ಲಿ ಕಿಸ್ರಾ ಕಲಿಸೆಂದು ಕೇಳುವ ಮೊದಲು ಅವರಿಗೆ ಕಲಿಸಲು ನಿಮ್ಮ ಕೈಯಲ್ಲಿಯೂ ಒಂದು ವಿದ್ಯೆ ಇರಲಿ. ಹೊರಡುವ ಮುನ್ನ ಅವ್ವನ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯುವುದನ್ನು ಕಲಿತುಕೊಳ್ಳಿರಿ.