ನಾಗಿಯ ಲೆಕ್ಕ

ನಾ. ಡಿಸೋಜರ ಕಾದಂಬರಿಯನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ‘ದ್ವೀಪ’ವಾಗಿ ತೆರೆಗೆ ತಂದರು. ಮುಳುಗಡೆಯ ಕಣ್ಣೀರಿಗಿಂತ ದೊಡ್ಡ ಪ್ರಶ್ನೆ ಅದರಲ್ಲಿದೆ: ಊರು ಬಿಡುವಾಗ ಹೆಣ್ಣಿನ ದುಡಿಮೆಯನ್ನು ಯಾರು ಲೆಕ್ಕ ಹಿಡಿಯುತ್ತಾರೆ? ಪರಿಹಾರದ ಕಾಗದಕ್ಕೆ ಗೊತ್ತಿರುವುದು ಹೊಲ, ಮನೆ. ಸೌಂದರ್ಯ ನಟಿಸಿದ ನಾಗಿ ಮಳೆಯ ರಾತ್ರಿಯೆಲ್ಲ ಎಚ್ಚರಿದ್ದು ಮನೆ ಕಾಯುತ್ತಾಳೆ. ಉಳಿದ ಪುಣ್ಯವನ್ನು ಗಂಡ ದೇವರಿಗೆ ಸಲ್ಲಿಸುತ್ತಾನೆ, ಅವಳಿಗಲ್ಲ. ಒಂದೇ ಕೊರತೆ, ಊರು ಬಿಟ್ಟವರ ಹಿಂದೆ ಕ್ಯಾಮೆರಾ ಹೆಚ್ಚು ದೂರ ಹೋಗುವುದಿಲ್ಲ. ಪರಊರಿನಲ್ಲಿ ಅವರನ್ನು ಯಾರೆಂದು ಕರೆದರು?

ನಮ್ಮ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಗುಡಿ ಕಾಣುತ್ತದೆ, ಅಲ್ಲಿ ಒಲೆ ಹಚ್ಚಿದವರು ಕಾಣುವುದಿಲ್ಲ. ಘಟಪ್ರಭೆಯ ನೀರಲ್ಲಿ ಕಬ್ಬು ಬೆಳೆಯುವ ಗೋಕಾಕ, ಮೂಡಲಗಿಯ ನಾವು ‘ದ್ವೀಪ’ ನೋಡಬೇಕಾದದ್ದು ಅದಕ್ಕೇ.