ಹೊಸಬರಿಗೂ ಹಳಬರಿಗೂ ಒಂದೇ ಪರದೆ

ವಿಂಡೋಸ್ 95 ರೂಪುಗೊಳ್ಳುತ್ತಿದ್ದ ದಿನಗಳಲ್ಲಿ ಅದರ ಪರದೆಯ ಕೆಳಗಡೆ ಸಿಸ್ಟಂ, ಫೈಂಡ್, ಹೆಲ್ಪ್ ಎಂಬ ಮೂರು ಗುಂಡಿಗಳಿದ್ದವು. ಮೈಕ್ರೋಸಾಫ್ಟ್ ತಂಡ ಬಳಕೆದಾರರನ್ನು ಪ್ರಯೋಗಾಲಯಕ್ಕೆ ಕರೆದು ಕೂರಿಸಿ, ಅವರ ಕೈ ಎಲ್ಲೆಲ್ಲಿ ತಡವರಿಸುತ್ತದೆ ಎಂದು ಗಮನಿಸುತ್ತ ಹೋಯಿತು. ಹೊಸಬರಿಗೆ ಪ್ರೋಗ್ರಾಂ ತೆರೆಯುವುದೇ ಕಷ್ಟವಾಗುತ್ತಿತ್ತು. ಡಬಲ್ ಕ್ಲಿಕ್ ಮಾಡಬೇಕೆಂದು ತೋಚುತ್ತಿರಲಿಲ್ಲ. ತೆರೆದ ಕಿಟಕಿ ಇನ್ನೊಂದರ ಹಿಂದೆ ಮರೆಯಾದರೆ ಅದು ಎಲ್ಲಿ ಹೋಯಿತೆಂದು ತಿಳಿಯುತ್ತಿರಲಿಲ್ಲ. 560 ಜನರೊಂದಿಗೆ 64 ಸುತ್ತಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಮೂರು ಗುಂಡಿಗಳ ಜಾಗದಲ್ಲಿ ಸ್ಟಾರ್ಟ್ ಎಂಬ ಒಂದೇ ಗುಂಡಿ ಇತ್ತು. ತೆರೆದಿರುವ ಕಿಟಕಿಗಳೆಲ್ಲ ಟಾಸ್ಕ್‌ಬಾರ್‌ನಲ್ಲಿ ಸಾಲಾಗಿ ಕಣ್ಣೆದುರಿಗೇ ಇದ್ದವು.

ಈ ಕತೆಯಲ್ಲಿ ಇನ್ನೂ ದೊಡ್ಡ ಪಾಠ ಇರುವುದು ಆ ತಂಡ ಕೈಬಿಟ್ಟ ಯೋಚನೆಯಲ್ಲಿ. ಹೊಸಬರಿಗಾಗಿಯೇ ಸರಳವಾದ ಪ್ರತ್ಯೇಕ ಪರದೆಯೊಂದನ್ನು ಕೊಡಬೇಕೆಂಬ ವಿಚಾರ ಅವರಲ್ಲಿತ್ತು. ಮೊದಲ ಕೆಲವು ಕೆಲಸಗಳಿಗೆ ಅದು ಚೆನ್ನಾಗಿಯೇ ಒದಗುತ್ತಿತ್ತು. ಆದರೆ ಅಲ್ಲಿ ಇಲ್ಲದ ಒಂದು ಕೆಲಸ ಬೇಕಾಯಿತೆಂದರೆ ಬಳಕೆದಾರ ಅದುವರೆಗೆ ಕಲಿತದ್ದನ್ನು ಬಿಟ್ಟು, ಮುಖ್ಯ ಪರದೆಗೆ ಬಂದು ಮತ್ತೆ ಮೊದಲಿನಿಂದ ಕಲಿಯಬೇಕು. ಹಾಗಾಗಿ ಎಲ್ಲರಿಗೂ ಒಂದೇ ಪರದೆ ಎಂದು ತೀರ್ಮಾನವಾಯಿತು. ಆಪರೇಟಿಂಗ್ ಸಿಸ್ಟಂನ ಇಂಟರ್‌ಫೇಸ್ ವಿನ್ಯಾಸದಲ್ಲಿ ಇಷ್ಟು ವಿವೇಕದ ತೀರ್ಮಾನಗಳು ಅಪರೂಪ.

ಒಂದೇ ಪರದೆ ಎಲ್ಲರಿಗೂ ಒಗ್ಗುವುದು ಹೇಗೆ? ಒಂದು ಕೆಲಸಕ್ಕೆ ಹಲವು ದಾರಿಗಳಿದ್ದಾಗ. ಎಡಿಟ್ ಮೆನು ತೆರೆದರೆ ಕಾಪಿ ಎಂಬ ಪದದ ಎದುರಿಗೇ ಅದರ ಶಾರ್ಟ್‌ಕಟ್ ಕೀಲಿಗಳೂ ಅಚ್ಚಾಗಿರುತ್ತವೆ. ಮೊದಲ ವಾರ ಮೌಸ್ ಹಿಡಿದು ಮೆನುವಿಗೆ ಹೋದವರು ದಿನಾ ಅದನ್ನೇ ಕಾಣುತ್ತ ಕಾಣುತ್ತ, ಯಾರೂ ಹೇಳಿಕೊಡದೆ ಕಂಟ್ರೋಲ್ ಸಿ ಒತ್ತತೊಡಗುತ್ತಾರೆ. ಬಟ್ಟೆ ಅಂಗಡಿಗಳ ಲೆಕ್ಕದವರು, ಡಿಟಿಪಿ ಮಾಡುವವರು ಮೌಸ್ ಮುಟ್ಟದೆ ಪುಟಗಟ್ಟಲೆ ಕೆಲಸ ಮುಗಿಸುವ ವೇಗದ ಹಿಂದೆ ಈ ಸದ್ದಿಲ್ಲದ ಪಾಠವೂ ಇದೆ.

ದೈಹಿಕ ಅಡಚಣೆ ಇರುವವರ ವಿಚಾರಕ್ಕೆ ಬಂದರೆ ಹಲವು ದಾರಿಗಳಿರುವುದರ ಬೆಲೆ ಇನ್ನೂ ಹೆಚ್ಚು. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಏಕಕಾಲಕ್ಕೆ ಒತ್ತುವುದು ಒಂದೇ ಕೈ ಬಳಸುವವರಿಗೆ ಕಷ್ಟದ ಮಾತು. ಸ್ಟಿಕಿ ಕೀಸ್ ಸೌಲಭ್ಯದಲ್ಲಿ ಆ ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೆ ಸಾಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರದ ಕೆಲಸದಿಂದ ಬಂದ ಈ ಸೌಲಭ್ಯ ವಿಂಡೋಸ್ 95ರಲ್ಲಿ ಸಿಸ್ಟಂನ ಭಾಗವೇ ಆಯಿತು. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಅದು ಇಂದಿಗೂ ಎಚ್ಚೆತ್ತುಕೊಳ್ಳುತ್ತದೆ. ಬೇಡದವರ ಕಣ್ಣಿಗೆ ಅದು ಸಾಮಾನ್ಯವಾಗಿ ಬೀಳುವುದೇ ಇಲ್ಲ.

ಹಾಗೆಂದು ಆಯ್ಕೆಗಳನ್ನು ಸುರಿಯುತ್ತ ಹೋಗುವಂತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆನ್ ಅಥವಾ ಆಫ್ ಮಾಡಬಹುದಾದ 10 ಸ್ವಿಚ್‌ಗಳಿದ್ದರೆ ಸಿಸ್ಟಂ 1,024 ಬಗೆಗಳಲ್ಲಿ ಇರಬಹುದು. ಅಷ್ಟನ್ನೂ ಪರೀಕ್ಷಿಸುವವರು ಯಾರು? ಲಿನಕ್ಸ್ ಲೋಕದಲ್ಲಿ ಈ ವಾದ ಬಲವಾಗಿ ನಡೆಯಿತು. ಮಥಿಯಾಸ್ ಎಟ್ರಿಚ್ 1996ರಲ್ಲಿ ಆರಂಭಿಸಿದ ಕೆಡಿಇ, ಮರುವರ್ಷ ಹುಟ್ಟಿದ ಗ್ನೋಮ್, ಇವೆರಡೂ ಲಿನಕ್ಸ್‌ನ ದೊಡ್ಡ ಡೆಸ್ಕ್‌ಟಾಪ್‌ಗಳು. ಪ್ರತಿ ಆಯ್ಕೆಗೂ ಒಂದು ಖರ್ಚಿದೆ ಎಂದು ಗ್ನೋಮ್‌ನ ಹ್ಯಾವಕ್ ಪೆನಿಂಗ್ಟನ್ ವಾದಿಸಿದರು. 2002ರ ಗ್ನೋಮ್ 2ರಲ್ಲಿ ಸೆಟ್ಟಿಂಗ್ಸ್ ಗಣನೀಯವಾಗಿ ಇಳಿದವು. ಕೆಡಿಇ ಆಯ್ಕೆಗಳನ್ನು ಉಳಿಸಿಕೊಂಡಿತು, ಬರಬರುತ್ತ ಆರಂಭದ ಜೋಡಣೆಯನ್ನು ಮಾತ್ರ ಸರಳಗೊಳಿಸಿತು. ಇಬ್ಬರ ಮಾತಿನಲ್ಲೂ ಹುರುಳಿದೆ. ಹೆಚ್ಚಿನವರು ಸೆಟ್ಟಿಂಗ್ಸ್ ಕಡೆ ತಲೆಹಾಕುವುದೇ ಇಲ್ಲವಾದ್ದರಿಂದ ಆರಂಭದ ಜೋಡಣೆಗೆ ಅತಿ ಹೆಚ್ಚು ಶ್ರಮ ಸಲ್ಲಬೇಕು. ಬದಲಿಸಲು ಹೊರಟವರಿಗೆ ಬಾಗಿಲು ಮುಚ್ಚಿರಬಾರದು.

ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. 2011ರಲ್ಲಿ ಗ್ನೋಮ್ 3 ಬಂದಾಗ ಟಾಸ್ಕ್‌ಬಾರ್ ಹೋಯಿತು, ಮಿನಿಮೈಸ್ ಗುಂಡಿಯೂ ಹೋಯಿತು. ಒಪ್ಪದವರು ಹಳೆಯ ಗ್ನೋಮ್ 2ರ ಕೋಡ್ ಹಿಡಿದು ಮಾಟೆ ಎಂಬ ಡೆಸ್ಕ್‌ಟಾಪ್ ನಡೆಸಿದರು. ಲಿನಕ್ಸ್ ಮಿಂಟ್ ತಂಡ ಸಿನಮನ್ ಕಟ್ಟಿತು. 2012ರ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ತೆಗೆದು, ಮೇಜಿನ ಕಂಪ್ಯೂಟರಿಗೂ ಟ್ಯಾಬ್ಲೆಟ್‌ಗೆ ಹೊಂದುವ ಪರದೆಯನ್ನು ಮುಂದೊಡ್ಡಿತು. ಒಂದು ವರ್ಷದಲ್ಲಿ, 8.1ರ ಜೊತೆ, ಗುಂಡಿ ಮರಳಿತು; 2015ರ ವಿಂಡೋಸ್ 10ರಲ್ಲಿ ಸ್ಟಾರ್ಟ್ ಮೆನುವೂ ಮರಳಿತು. ವಿಂಡೋಸ್ 95ರಿಂದಲೂ ಟಾಸ್ಕ್‌ಬಾರನ್ನು ಪರದೆಯ ನಾಲ್ಕು ಅಂಚುಗಳಲ್ಲಿ ಯಾವುದಕ್ಕೆ ಬೇಕಾದರೂ ಎಳೆದಿಡಬಹುದಿತ್ತು. 2021ರಲ್ಲಿ ವಿಂಡೋಸ್ 11 ಬಂದಾಗ ಅದು ಕೆಳಗಡೆಗೇ ಅಂಟಿಕೊಂಡಿತು. ಈಗಿನ ಪರದೆಗಳಲ್ಲಿ ಅಗಲ ಹೆಚ್ಚು, ಎತ್ತರ ಕಡಿಮೆ. ಉದ್ದನೆಯ ಬರಹ ಓದುವವರಿಗೆ ಟಾಸ್ಕ್‌ಬಾರ್ ಪಕ್ಕಕ್ಕೆ ಸರಿದರೆ ಎರಡು ಸಾಲು ಹೆಚ್ಚು ಕಾಣುತ್ತದೆ. ಹಾಗೆ ಬಳಸಿ ರೂಢಿಯಾದ ಕಣ್ಣು, ಕೈಗಳಿಂದ ಕಾರಣವಿಲ್ಲದೆ ಆ ಅನುಕೂಲ ಕಿತ್ತುಕೊಳ್ಳುವುದು ತಪ್ಪು.

ಕನ್ನಡ ಟೈಪಿಸುವವರು ಈ ಸಂಕಟವನ್ನು ಬಲ್ಲರು. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಕಗಪ ಎಂಬ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಪಳಗಿಸಿಕೊಂಡವರು ಲಕ್ಷಗಟ್ಟಲೆ. ವಿಂಡೋಸ್‌ನ ಒಳಗಿದ್ದ ಕನ್ನಡ ಕೀಲಿಮಣೆ ಮಾತ್ರ ಬಹುಕಾಲ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸವೊಂದೇ ಆಗಿತ್ತು. 2019ರಲ್ಲಿ ವಿಂಡೋಸ್ 10ಕ್ಕೆ ಫೊನೆಟಿಕ್ ಮಾದರಿಯೂ ಸೇರಿತು. ಲಿನಕ್ಸ್ ಡೆಸ್ಕ್‌ಟಾಪ್‌ಗಳ ಕೀಲಿಮಣೆ ಪಟ್ಟಿಯಲ್ಲಾದರೆ ಕಗಪ ಹೆಸರು ಹೇಳಿಯೇ ಸಿಗುತ್ತದೆ, ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಿಲ್ಲ. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಕಗಪ ಮಾದರಿ ಇದೆ. ಕನ್ನಡಕ್ಕೆ ಪಳಗಿದ ಬೆರಳುಗಳಲ್ಲೇ ಸಂಸ್ಕೃತ ಶ್ಲೋಕವನ್ನೋ ಮರಾಠಿ ಪತ್ರವನ್ನೋ ಟೈಪಿಸಬಹುದು.